ಹುಷಾರಿರಲಿಲ್ಲ ಸ್ವಾಮಿ, ಒಂದು ದಿನ ತಡವಾಯ್ತು

ಇವತ್ತಿನ ಎಪಿಸೋಡನ್ನ ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೀನಿ. ದಾವಣಗೆರೆ ಕಡೆಯ ಒಂದು ಕೋರ್ಟಿನ ಕಡತದಲ್ಲಿ, ಒಂದು ಅಫಿಡವಿಟ್ಟಿನ ನಾಲ್ಕನೇ ಪ್ಯಾರಾದಲ್ಲಿ, ನನ್ನ ಹೆಸರಿದೆ. ಸಾಧನೆಗಾಗಿ ಅಲ್ಲ. ಅಲ್ಲಿರೋ ವಾಕ್ಯ ಇಷ್ಟು: ಫೈಲನ್ನು ವಕೀಲರಿಗೆ ತಲುಪಿಸಲು ನನ್ನ ಮಗ ಮರೆತಿದ್ದಾನೆ. ಕೆಳಗೆ ಸಹಿ ನಮ್ಮಪ್ಪಂದು.

ಕಥೆ ಹೀಗೆ. 2017ರ ಮಳೆಗಾಲ. ನಾನು ಬಿ.ಕಾಂ. ಓದ್ತಾ ಇದ್ದೆ. ಅಪ್ಪಂದು ಹಾರ್ಡ್‌ವೇರ್ ಅಂಗಡಿ. ಪೈಪು, ಸಿಮೆಂಟು, ತಂತಿ, ಮೊಳೆ. ಒಬ್ಬ ಗಿರಾಕಿ ಕೊಟ್ಟ ಚೆಕ್ ಬೌನ್ಸ್ ಆಯ್ತು. ಕಾಮರ್ಸ್ ಓದಿದವರಿಗೆ ಸೆಕ್ಷನ್ 138 ಬಾಯಿಪಾಠ. ಬ್ಯಾಂಕಿನಿಂದ ಮೆಮೊ ಬಂದ 30 ದಿನದೊಳಗೆ ನೋಟಿಸ್ ಕೊಡಬೇಕು. ನೋಟಿಸ್ ಕೈಸೇರಿದ ಮೇಲೆ ಹಣ ಕಟ್ಟೋಕೆ ಅವನಿಗೆ 15 ದಿನ. ಕಟ್ಟದಿದ್ದರೆ, ಅಲ್ಲಿಂದ ಒಂದು ತಿಂಗಳೊಳಗೆ ಕೋರ್ಟಿಗೆ ದೂರು. ಆ ಕೊನೆಯ ತಿಂಗಳ ಮೂರನೇ ವಾರದಲ್ಲಿ ಅಪ್ಪನಿಗೆ ಡೆಂಗಿ. ಅಡ್ಮಿಟ್ ಆಗೋ ಮುಂಚೆ ಫೈಲನ್ನ ನನ್ನ ಕೈಗಿಟ್ಟು, 'ವಕೀಲರಿಗೆ ಕೊಟ್ಟು ಬಾ ಮಗ' ಅಂದಿದ್ರು. ನಾನು ಅದನ್ನ ಬ್ಯಾಗಿಗೆ ಹಾಕ್ಕೊಂಡು, ಆಸ್ಪತ್ರೆ ಗಡಿಬಿಡಿ ಮುಗಿಸಿ, ಇಂಟರ್ನಲ್ಸ್‌ಗೆ ಅಂತ ಹಾಸ್ಟೆಲಿಗೆ ಹೋದೆ. ಫೈಲು ಕಾಸ್ಟ್ ಅಕೌಂಟಿಂಗ್ ಪುಸ್ತಕದ ಕೆಳಗೆ ತಣ್ಣಗೆ ಮಲಗಿತ್ತು. ಅಪ್ಪ ಎದ್ದು ಓಡಾಡಿ 'ಕೊಟ್ಟೆಯಲ್ಲಪ್ಪಾ?' ಅಂತ ಕೇಳೋ ಹೊತ್ತಿಗೆ ವಾಯಿದೆ ಮುಗಿದಿತ್ತು. ದೂರು ದಾಖಲಾಗಿದ್ದು 19 ದಿನ ತಡವಾಗಿ.

ವಕೀಲರು ಡಿಸ್ಚಾರ್ಜ್ ಸಮ್ಮರಿ ನೋಡಿ ಹೇಳಿದ್ರು: "ಯಜಮಾನ್ರೇ, ಇದು ಆರೇ ದಿನದ್ದಿದೆ. ಒಂದು ತಿಂಗಳು ಬೆಡ್ ರೆಸ್ಟ್ ಅಂತ ಎಲ್ಲಾದ್ರೂ ಒಂದು ಸರ್ಟಿಫಿಕೇಟ್ ತಂದುಬಿಡಿ. ಸಲೀಸಾಗುತ್ತೆ." ಅಪ್ಪ ಅಂದ್ರು: "ಆರು ದಿನ ಮಲಗಿದ್ದೆ ಸಾರ್. ಆಮೇಲೆ ಸುಸ್ತು, ಮನೇಲಿದ್ದೆ. ಮಿಕ್ಕಿದ್ದು ಇವನು ಮರೆತ. ಹಂಗೇ ಬರೀರಿ."

ಆ ದಿನ ಆ ಕುರ್ಚಿ ಮೇಲೆ ಕೂತಿದ್ದಾಗ ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತ್ತು. ಆಮೇಲೆ ಕೋರ್ಟು ಏನು ಹೇಳ್ತು ಅಂತ ಕೊನೆಗೆ ಹೇಳ್ತೀನಿ. ಆದರೆ ಅವತ್ತಿನಿಂದ ತಲೆಯಲ್ಲಿ ಒಂದು ಪ್ರಶ್ನೆ ಕೊರೀತಾ ಇತ್ತು. 'ಹುಷಾರಿರಲಿಲ್ಲ' ಅನ್ನೋ ಮಾತನ್ನ ನ್ಯಾಯಾಲಯಗಳು ಯಾವಾಗಿಂದ ಕೇಳ್ತಾ ಬಂದಿವೆ? ಯಾವಾಗ ನಂಬಿದವು, ಯಾವಾಗ ನಂಬಲಿಲ್ಲ? ಹುಡುಕ್ತಾ ಹೋದೆ. ಸಿಕ್ಕಿದ್ದು ಇದು.

ಮೊದಲು ನಮ್ಮ ನೆಲಕ್ಕೇ ಬರೋಣ. ಬೀದರ್ ಜಿಲ್ಲೆಯ ಇವತ್ತಿನ ಬಸವಕಲ್ಯಾಣ ಆಗ ಚಾಲುಕ್ಯರ ರಾಜಧಾನಿ ಕಲ್ಯಾಣ. ದೊರೆ ಆರನೇ ವಿಕ್ರಮಾದಿತ್ಯ. ಅವನ ಕಾಲದಲ್ಲಿ ಅಲ್ಲಿದ್ದ ವಿಜ್ಞಾನೇಶ್ವರ ಬರೆದ 'ಮಿತಾಕ್ಷರ', ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ. ಆಸ್ತಿ ಪಾಲಿನ ವಿಷಯದಲ್ಲಿ ಈ ಹೆಸರನ್ನ ನಿಮ್ಮ ಮನೆ ವಕೀಲರ ಬಾಯಲ್ಲಿ ಕೇಳಿರ್ತೀರಿ. ಆದರೆ ಅದರ ವ್ಯವಹಾರ ಭಾಗದಲ್ಲಿ, ಅಂದ್ರೆ ಇವತ್ತಿನ ಭಾಷೇಲಿ ಕೋರ್ಟಿನ ಪ್ರೊಸೀಜರ್ ಭಾಗದಲ್ಲಿ, ಒಂದು ಪಟ್ಟಿ ಬರುತ್ತೆ. ಯಾರನ್ನ ರಾಜ ನ್ಯಾಯಸಭೆಗೆ ಕರೆಸಬಾರದು ಅನ್ನೋ ಪಟ್ಟಿ. ಅದರಲ್ಲಿ ಮೊದಲನೆಯವನೇ ರೋಗಿ. ಆಮೇಲೆ ಮಗು, ಮುದುಕ, ಸಂಕಟದಲ್ಲಿರೋನು, ಹಬ್ಬದ ಗಡಿಬಿಡಿಯಲ್ಲಿರೋನು, ಹೀಗೆ ಸಾಗುತ್ತೆ.

ಇಷ್ಟಕ್ಕೇ ನಿಂತಿದ್ದರೆ 'ಆಹಾ, ಎಂಥ ದಯೆ' ಅಂತ ಹೇಳಿ ಮುಂದೆ ಹೋಗಬಹುದಿತ್ತು. ನನಗೆ ಇಷ್ಟವಾಗಿದ್ದು ಅದರ ಮುಂದಿನ ಮಾತು. ಕಾಲ, ದೇಶ ನೋಡಿ, ವಿಷಯ ಎಷ್ಟು ತೂಕದ್ದು ಅಂತ ಅಳೆದು, ದೊಡ್ಡ ವಿಷಯವಾದರೆ ರೋಗಿಯನ್ನೂ ಕರೆಸಬಹುದು. ಆದರೆ ನಿಧಾನವಾಗಿ, ವಾಹನದಲ್ಲಿ ಕೂರಿಸಿಕೊಂಡು. ಅಂದ್ರೆ ಒಂಬೈನೂರು ವರ್ಷದ ಹಿಂದಿನ ಈ ಪಂಡಿತನಿಗೂ ಗೊತ್ತಿತ್ತು: ಕಾಯಿಲೆ ಒಂದು ಕಾರಣ, ಆದರೆ ಎಲ್ಲಾ ಬಾಗಿಲಿಗೂ ಹಾಕೋ ಬೀಗ ಅಲ್ಲ. ಎದುರು ಪಾರ್ಟಿಯೂ ಕಾಯ್ತಾ ಕೂತಿರ್ತಾನೆ.

ಈಗ ಇಂಗ್ಲೆಂಡಿಗೆ. ಯಾಕಂದ್ರೆ ನಮ್ಮ ಇವತ್ತಿನ ಕೋರ್ಟಿನ ಪದ್ಧತಿ ಬಹುಪಾಲು ಬಂದಿದ್ದು ಅಲ್ಲಿಂದ. ಮಿತಾಕ್ಷರ ಬರೆದು ಹೆಚ್ಚುಕಮ್ಮಿ ನೂರು ವರ್ಷದೊಳಗೆ, ರಾಜ ಎರಡನೇ ಹೆನ್ರಿಯ ಕೊನೆಗಾಲದಲ್ಲಿ, ಗ್ಲಾನ್‌ವಿಲ್ ಹೆಸರಿನಲ್ಲಿ ಓಡಾಡೋ ಒಂದು ಕಾನೂನು ಪುಸ್ತಕ ಬಂತು. ಅದರಲ್ಲಿ 'ಎಸಾಯ್ನ್' ಅನ್ನೋ ಒಂದು ಏರ್ಪಾಡಿದೆ. ಕೋರ್ಟಿಗೆ ಬರಲಾಗದವನು ತನ್ನ ಪರವಾಗಿ ಬೇರೆಯವನ ಕೈಲಿ ಕಾರಣ ಹೇಳಿ ಕಳಿಸೋದು. ಕಾರಣಗಳಲ್ಲಿ ಹಲವು ಬಗೆ. ರಾಜನ ಕೆಲಸದಲ್ಲಿದ್ದೀನಿ. ಸಮುದ್ರದಾಚೆ ಇದ್ದೀನಿ. ಧರ್ಮಯುದ್ಧಕ್ಕೆ ಹೋಗಿದ್ದೀನಿ. ಬರ್ತಾ ದಾರೀಲಿ ಕಾಯಿಲೆ ಬಿತ್ತು. ಇವೆಲ್ಲಕ್ಕಿಂತ ರುಚಿಯಾದದ್ದು, ಹಾಸಿಗೆ ಹಿಡಿದಿದ್ದೀನಿ ಅನ್ನೋದು.

ಹಾಸಿಗೆ ಹಿಡಿದಿದ್ದೀನಿ ಅಂದ್ರೆ ಕೋರ್ಟು ಸುಮ್ಮನೆ ನಂಬ್ತಿರಲಿಲ್ಲ. ನಾಲ್ಕು ಜನ ನೈಟ್‌ಗಳನ್ನ, ಅಂದ್ರೆ ಊರ ದೊಡ್ಡ ಮನುಷ್ಯರನ್ನ, ಅವನ ಮನೆಗೆ ಕಳಿಸ್ತಿತ್ತು. ಅವರು ಮಂಚದ ಪಕ್ಕ ನಿಂತು ನೋಡ್ಬೇಕು. ಇದು ನಾಲ್ಕು ದಿನದ ಜ್ವರವೋ, ನಿಜವಾಗಿ ಮನುಷ್ಯನನ್ನ ಕುಗ್ಗಿಸೋ ದೀರ್ಘ ವ್ಯಾಧಿಯೋ? ಸಣ್ಣ ಕಾಯಿಲೆ ಅಂತ ಕಂಡರೆ ಹತ್ತಿರದ ಒಂದು ದಿನ ಕೊಟ್ಟು ಬಾ ಅಂತಿದ್ರು. ದೀರ್ಘ ವ್ಯಾಧಿ ಅಂತ ತೀರ್ಮಾನವಾದರೆ ಸಿಗ್ತಿದ್ದ ಗಡುವು ಒಂದು ವರ್ಷ, ಮೇಲೆ ಒಂದು ದಿನ.

ಒಂದು ವರ್ಷ! ಕೇಳೋಕೆ ಮಜವಾಗಿದೆ ಅಲ್ವಾ? ಆದರೆ ಅದಕ್ಕೂ ಬೆಲೆ ಇತ್ತು. ಹಾಗೆ ಗಡುವು ಪಡೆದವನು ಹಾಸಿಗೆಯಲ್ಲೇ ಇರಬೇಕು. ಗುಣವಾಯ್ತು, ಏಳ್ತೀನಿ ಅಂದ್ರೆ ಏಳೋಕೂ ಕೋರ್ಟಿನಿಂದ ಅಪ್ಪಣೆ ಚೀಟಿ ತರಬೇಕು. ಅಪ್ಪಣೆ ಇಲ್ಲದೆ ಎದ್ದು ಓಡಾಡೋದು ಎದುರು ಪಾರ್ಟಿಯ ಕಣ್ಣಿಗೆ ಬಿದ್ದರೆ ಕೇಸೇ ಕೈತಪ್ಪಬಹುದು. ಜಮೀನಿನ ಕೇಸು ಹಾಕಿರೋ ದಾಯಾದಿ ಬೇಲಿ ಸಂದಿಯಿಂದ ಇಣುಕ್ತಾ ಇರೋದನ್ನ ಊಹಿಸ್ಕೊಳ್ಳಿ. ಇವತ್ತು ನಾವು 'ಸಿಕ್ ಲೀವ್ ಹಾಕಿ ರೀಲ್ಸ್ ಹಾಕಿದ್ದಾನೆ' ಅಂತ ಸ್ಕ್ರೀನ್‌ಶಾಟ್ ಕಳಿಸ್ತೀವಲ್ಲ, ಅದರ ಹನ್ನೆರಡನೇ ಶತಮಾನದ ಆವೃತ್ತಿ.

ಇಲ್ಲೊಂದು ವಿಷಯ ಗಮನಿಸಿ. ಮಿತಾಕ್ಷರವಾಗಲಿ, ಎಸಾಯ್ನ್ ಆಗಲಿ, ಅಲ್ಲಿ ಪ್ರಶ್ನೆ ಇದ್ದದ್ದು ದೇಹದ್ದು. ನೀನೇ ಬಂದು ನಿಲ್ಲಬೇಕು. ದೇಹಕ್ಕೆ ಆಗದಿದ್ದರೆ ದಿನ ಮುಂದೆ ಹೋಗುತ್ತೆ. ಈಗಿನ ಕೋರ್ಟಿಗೆ ಮೊದಲು ಬೇಕಾಗಿರೋದು ಕಾಗದ. ಕಾಗದಕ್ಕೆ ಜ್ವರ ಬರಲ್ಲ. ವಕಾಲತ್ತಿಗೆ ಸಹಿ ಹಾಕಿಕೊಟ್ಟರೆ ವಕೀಲರು ಹೋಗಿ ಹಾಕ್ತಾರೆ. ಹಾಗಾಗಿ 'ಹುಷಾರಿರಲಿಲ್ಲ' ಅಂದ ತಕ್ಷಣ ಜಡ್ಜು ಕೇಳೋದು, 'ಸರಿ, ನಿಮ್ಮ ವಕೀಲರಿಗೂ ಹುಷಾರಿರಲಿಲ್ವಾ? ನಿಮ್ಮ ಮಗನಿಗೂ?' ಈ ಎರಡನೇ ಪ್ರಶ್ನೆ ಬಂದಾಗ ನನಗೆ ಇವತ್ತಿಗೂ ಕಿವಿ ಬಿಸಿಯಾಗುತ್ತೆ.

ಭಾರತದಲ್ಲಿ ಈ ಕಾಗದದ ಗಡುವುಗಳಿಗೆ ಒಂದೇ ಅಚ್ಚು ಬಂದಿದ್ದು ಬ್ರಿಟಿಷರ ಕಾಲದಲ್ಲಿ. ಮೊದಲು ಬಂಗಾಳ, ಮದ್ರಾಸು, ಬಾಂಬೆ ಪ್ರಾಂತ್ಯಗಳಿಗೆ ಬೇರೆಬೇರೆ ರೆಗ್ಯುಲೇಶನ್ನುಗಳಿದ್ದವು. 1859ರಲ್ಲಿ ಒಂದು ಲಿಮಿಟೇಶನ್ ಕಾಯ್ದೆ ಆಯ್ತು. ಆಮೇಲೆ 1871, 1877, 1908 ಅಂತ ಬದಲಾಗ್ತಾ ಬಂದು, ಈಗ ನಡೀತಿರೋದು 1963ರದ್ದು. 1964ರ ಜನವರಿ 1ರಿಂದ ಜಾರಿ. ಗಡುವು ಯಾಕೆ ಬೇಕು ಅನ್ನೋದು ಸುಲಭ. ಸಾಕ್ಷಿ ಸಾಯ್ತಾರೆ, ಕಾಗದ ಗೆದ್ದಲು ಹಿಡಿಯುತ್ತೆ, ಎದುರಿನವನು ಇನ್ನೆಷ್ಟು ವರ್ಷ ತಲೆ ಮೇಲೆ ಕತ್ತಿ ತೂಗಿಸ್ಕೊಂಡು ಬದುಕಬೇಕು?

ಈ ಕಾಯ್ದೆಯ ಐದನೇ ಸೆಕ್ಷನ್ನೇ ನಮ್ಮ ಹೀರೋ. ಅದರಲ್ಲಿ 'ಕಾಯಿಲೆ' ಅನ್ನೋ ಪದವೇ ಇಲ್ಲ. ಇರೋದು 'ಸಾಕಷ್ಟು ಕಾರಣ' ಅಂತ ಮಾತ್ರ. ಗಡುವಿನೊಳಗೆ ಬರದೇ ಇರೋಕೆ ಸಾಕಷ್ಟು ಕಾರಣ ಇತ್ತು ಅಂತ ಕೋರ್ಟಿಗೆ ಮನವರಿಕೆಯಾದರೆ ತಡವಾದ ಮೇಲ್ಮನವಿಯನ್ನ ಒಳಗೆ ಬಿಟ್ಟುಕೊಳ್ಳಬಹುದು. ಎಷ್ಟು ಸಾಕು ಅನ್ನೋದನ್ನ ಬರೆದವರು ಹೇಳದೇ ಬಿಟ್ಟರು. ಆ ಖಾಲಿ ಜಾಗದಲ್ಲೇ ನೂರಕ್ಕೂ ಹೆಚ್ಚು ವರ್ಷದ ಜಗಳ ನಡೆದಿರೋದು. 1890ರಲ್ಲಿ ವರದಿಯಾದ 'ಕೃಷ್ಣ ವಿರುದ್ಧ ಚಾತಪ್ಪನ್' ಅನ್ನೋ ಕೇಸಲ್ಲಿ ಮದ್ರಾಸ್ ಹೈಕೋರ್ಟ್ ಒಂದು ದಾರಿ ತೋರಿಸ್ತು. ಮನುಷ್ಯನ ಕಡೆಯಿಂದ ಉದಾಸೀನ, ಕೈಕಟ್ಟಿ ಕೂತದ್ದು, ಕೆಟ್ಟ ಉದ್ದೇಶ ಇಲ್ಲದಿದ್ದರೆ ಆ ಪದಗಳನ್ನ ಧಾರಾಳವಾಗಿಯೇ ಓದಬೇಕು ಅಂತ. ಸುಪ್ರೀಂ ಕೋರ್ಟು ಇವತ್ತಿಗೂ ಆ ಮಾತನ್ನ ನೆನೆಸ್ಕೊಳ್ಳುತ್ತೆ.

ಈಗ ನನ್ನ ಅತ್ಯಂತ ಪ್ರೀತಿಯ ಕೇಸು. ರಾಮಲಾಲ್ ವಿರುದ್ಧ ರೇವಾ ಕೋಲ್‌ಫೀಲ್ಡ್ಸ್.

ಇವತ್ತಿನ ಮಧ್ಯಪ್ರದೇಶದ ರೇವಾ, ಆಗ ವಿಂಧ್ಯ ಪ್ರದೇಶ ಅನ್ನೋ ಪುಟ್ಟ ರಾಜ್ಯ. ಕಲ್ಲಿದ್ದಲು ವ್ಯಾಪಾರದ ಬಾಕಿ ಹಣಕ್ಕೆ ಕಂಪನಿ ಕೇಸು ಹಾಕಿ ಗೆದ್ದಿತ್ತು. ಸೋತವರು ರಾಮಲಾಲ್ ಮತ್ತು ಜೊತೆಗಾರರು. ಮೇಲ್ಮನವಿ ಹಾಕೋಕೆ ಕೊನೆ ದಿನ 1955ರ ಫೆಬ್ರವರಿ 16. ಅವರು ಹಾಕಿದ್ದು 17ಕ್ಕೆ. ತಡ ಎಷ್ಟು? ಒಂದು ದಿನ. ಕಾರಣ? 16ರಂದು ರಾಮಲಾಲ್ ಹುಷಾರಿಲ್ಲದೆ ಮಲಗಿಬಿಟ್ಟಿದ್ದ. ವೈದ್ಯರ ಸರ್ಟಿಫಿಕೇಟೂ ಇತ್ತು.

ರೇವಾದ ಜುಡಿಷಿಯಲ್ ಕಮಿಷನರ್ ಕಾಯಿಲೆ ಸುಳ್ಳು ಅನ್ನಲಿಲ್ಲ. ಅವರ ಪ್ರಶ್ನೆ ಬೇರೆ. 16ಕ್ಕೆ ಹುಷಾರಿರಲಿಲ್ಲ ಸರಿಯಪ್ಪ, ಅದಕ್ಕೂ ಮುಂಚಿನ ಅಷ್ಟೂ ದಿನ ಏನು ಮಾಡ್ತಿದ್ದೆ? ಕೊನೆ ದಿನದವರೆಗೂ ಯಾಕೆ ಕಾದೆ? ಮೇಲ್ಮನವಿ ವಜಾ.

ನಮ್ಮ ಮೇಷ್ಟ್ರುಗಳ ಮಾತು ನೆನಪಾಗಲ್ವಾ? 'ಪರೀಕ್ಷೆ ಹಿಂದಿನ ರಾತ್ರಿ ಕರೆಂಟ್ ಹೋಯ್ತು ಅಂತೀಯಲ್ಲ, ವರ್ಷವಿಡೀ ಕರೆಂಟ್ ಇರಲಿಲ್ವಾ?' ಎಲ್ಲರಿಗೂ ಸರಿ ಅನ್ನಿಸೋ ಮಾತು. ಆದರೆ ಸುಪ್ರೀಂ ಕೋರ್ಟಿಗೆ ಸರಿ ಅನ್ನಿಸಲಿಲ್ಲ. 1961ರ ಮೇ 4ರಂದು ತೀರ್ಪು ಬಂತು. ಬರೆದವರು ಜಸ್ಟಿಸ್ ಪಿ.ಬಿ. ಗಜೇಂದ್ರಗಡ್ಕರ್, ಮುಂದೆ ಮುಖ್ಯ ನ್ಯಾಯಮೂರ್ತಿಯಾದವರು. ಹೆಸರಲ್ಲೇ ನಮ್ಮ ಗಜೇಂದ್ರಗಡ ಕೂತಿದೆ ನೋಡಿ. ಅವರ ವಾದದ ಸಾರ ಇದು. ಕಾನೂನು ಇಂತಿಷ್ಟು ದಿನ ಅಂತ ಕೊಟ್ಟ ಮೇಲೆ ಆ ಇಡೀ ದಿನಗಳು ಕಕ್ಷಿದಾರನ ಹಕ್ಕು. ಕೊನೆ ದಿನದವರೆಗೆ ಕಾಯೋದು ತಪ್ಪಲ್ಲ. ಹಾಗಾಗಿ ಅವನು ಲೆಕ್ಕ ಕೊಡಬೇಕಾಗಿರೋದು ಕೊನೆ ದಿನದಿಂದ ಅರ್ಜಿ ಹಾಕಿದ ದಿನದವರೆಗಿನ ತಡಕ್ಕೆ ಮಾತ್ರ, ಅದಕ್ಕೂ ಹಿಂದಿನ ದಿನಗಳಿಗಲ್ಲ. ಒಂದು ದಿನದ ತಡ ಮನ್ನಾ ಆಯ್ತು. ಕೇಸನ್ನ ಮತ್ತೆ ವಿಚಾರಣೆ ಮಾಡಿ ಅಂತ ವಾಪಸ್ ಕಳಿಸಿದ್ರು.

ಹಾಗಂತ 'ಕಾರಣ ಇದೆ, ಆದ್ದರಿಂದ ಬಿಡಲೇಬೇಕು' ಅಂತ ಅವರು ಹೇಳಲಿಲ್ಲ. ಸಾಕಷ್ಟು ಕಾರಣ ತೋರಿಸಿದ ಮೇಲೂ ಬಿಡೋದು ಬಿಡದಿರೋದು ಕೋರ್ಟಿನ ವಿವೇಚನೆ ಅಂತಲೂ ಅದೇ ತೀರ್ಪಲ್ಲಿದೆ. ಇನ್ನೊಂದು ಲೆಕ್ಕ ನೋಡಿ. ಒಂದು ದಿನದ ಜ್ವರ ನಿಜವಾದ ಕಾರಣವೋ ಅಲ್ಲವೋ ಅಂತ ತೀರ್ಮಾನವಾಗೋಕೆ ಆರು ವರ್ಷ ಹಿಡೀತು. ಅಷ್ಟರಲ್ಲಿ ವಿಂಧ್ಯ ಪ್ರದೇಶ ಅನ್ನೋ ರಾಜ್ಯವೇ ಇರಲಿಲ್ಲ, 1956ರಲ್ಲಿ ಮಧ್ಯಪ್ರದೇಶದಲ್ಲಿ ಸೇರಿಹೋಗಿತ್ತು.

ಇಲ್ಲಿ ಒಂದು ಎಚ್ಚರಿಕೆ. ನಿಮ್ಮಲ್ಲಿ ಎಷ್ಟೋ ಜನ ಮೆಸೇಜ್ ಹಾಕಿ ಕಾನೂನು ಸಲಹೆ ಕೇಳ್ತೀರಿ, ಅದಕ್ಕೇ ಹೇಳ್ತಿದ್ದೀನಿ. ಐದನೇ ಸೆಕ್ಷನ್ ಮೇಲ್ಮನವಿಗೆ, ಅರ್ಜಿಗೆ ಮಾತ್ರ. ಹೊಸದಾಗಿ ದಾವೆ ಹೂಡೋದಕ್ಕಲ್ಲ. ಸಾಲ ವಸೂಲಿಗೆ ಮೂರು ವರ್ಷ ಇದೆ, ಕೊನೆ ವಾರ ಟೈಫಾಯಿಡ್ ಆಗಿ ಗಡುವು ತಪ್ಪಿತು ಅಂದ್ರೆ ದಾವೆ ಹೋಯ್ತು ಅಂತಲೇ ಲೆಕ್ಕ. ದಾವೆಯ ವಿಷಯದಲ್ಲಿ ಕಾನೂನು ಗಮನಿಸೋ ಕಾಯಿಲೆ ಒಂದೇ, ಮನಸ್ಸಿನದು. ಆರನೇ ಸೆಕ್ಷನ್ ಪ್ರಕಾರ ಹಕ್ಕು ಹುಟ್ಟಿದ ಹೊತ್ತಿಗೆ ಮನುಷ್ಯ ಅಪ್ರಾಪ್ತನಾಗಿದ್ದರೆ, ಬುದ್ಧಿ ಸ್ವಾಧೀನದಲ್ಲಿ ಇಲ್ಲದಿದ್ದರೆ, ಗಡಿಯಾರ ಶುರುವಾಗಲ್ಲ. ಆದರೆ ಗಡಿಯಾರ ಶುರುವಾದ ಮೇಲೆ ಬುದ್ಧಿಭ್ರಮಣೆಯಾದರೆ? ಒಂಬತ್ತನೇ ಸೆಕ್ಷನ್ ಹೇಳುತ್ತೆ, ಒಮ್ಮೆ ಓಡೋಕೆ ಶುರುವಾದ ಕಾಲ ನಿಲ್ಲಲ್ಲ. ಓದಿದಾಗ ನನಗೆ ಮೈ ಜುಂ ಅಂತು. ಸೋಮವಾರ ಹಕ್ಕು ಹುಟ್ಟಿ ಮಂಗಳವಾರ ಮನಸ್ಸು ಕದಡಿದವನಿಗೂ, ಭಾನುವಾರವೇ ಕದಡಿದವನಿಗೂ ಇಷ್ಟು ವ್ಯತ್ಯಾಸ. ನನ್ನ ಅಭಿಪ್ರಾಯ ಕೇಳಿದ್ರೆ, ಇದು ಅನ್ಯಾಯ. ಕಾನೂನು ಓದಿದ ಗೆಳೆಯರು 'ಎಲ್ಲಾದರೂ ಗೆರೆ ಎಳೀಲೇಬೇಕಲ್ಲ' ಅಂತಾರೆ. ಇರಬಹುದು.

ಚೆಕ್ ಕೇಸಿಗೆ ಬಂದರೆ, 2002ರ ತಿದ್ದುಪಡಿಗೆ ಮುಂಚೆ ತಡವನ್ನ ಮನ್ನಿಸೋ ಅಧಿಕಾರ ಮ್ಯಾಜಿಸ್ಟ್ರೇಟರಿಗೆ ಆ ಕಾಯ್ದೆ ಕೊಟ್ಟಿರಲಿಲ್ಲ. ಹಾಗಿದ್ದಿದ್ದರೆ ನಮ್ಮಪ್ಪನ ದೂರು ಬಾಗಿಲಲ್ಲೇ ಮುಗೀತಿತ್ತು.

ಇನ್ನು ನಂಬದೇ ಹೋದ ಕಥೆ. ಇದು ನಮ್ಮದೇ ಕಲಬುರಗಿಯದು. ವಿಜ್ಞಾನೇಶ್ವರ ಇದ್ದ ಕಲ್ಯಾಣದ ಪಕ್ಕದ ಜಿಲ್ಲೆ. ಬಸವರಾಜ್ ವಿರುದ್ಧ ವಿಶೇಷ ಭೂಸ್ವಾಧೀನಾಧಿಕಾರಿ, 2013ರ ಆಗಸ್ಟ್ 22. ಸರ್ಕಾರ ಜಮೀನು ತಗೊಂಡಿತ್ತು. ಪರಿಹಾರ ಸಾಲದು ಅಂತ ಹೈಕೋರ್ಟಿಗೆ ಹೋದವರು ಗಡುವು ಮುಗಿದು ಐದೂವರೆ ವರ್ಷ ಆದ ಮೇಲೆ ಹೋಗಿದ್ರು. ಕೊಟ್ಟ ಕಾರಣ, ನಮ್ಮಲ್ಲೊಬ್ಬರಿಗೆ ಹುಷಾರಿರಲಿಲ್ಲ. ಹೈಕೋರ್ಟ್ ಒಪ್ಪಲಿಲ್ಲ. ಸುಪ್ರೀಂ ಕೋರ್ಟಿನಲ್ಲಿ ಜಸ್ಟಿಸ್ ಬಿ.ಎಸ್. ಚೌಹಾಣ್ ಮತ್ತು ಜಸ್ಟಿಸ್ ಎಸ್.ಎ. ಬೊಬ್ಡೆ ಅವರ ಪೀಠವೂ ಒಪ್ಪಲಿಲ್ಲ. ಕಾನೂನು ಕಠಿಣ ಇರಬಹುದು, ಆದರೂ ಅದು ಕಾನೂನೇ ಅನ್ನೋ ಧಾಟಿಯ ತೀರ್ಪು. ಬೇರೆಯವರಿಗೆ ಹಿಂದೆ ತಪ್ಪಾಗಿ ರಿಯಾಯಿತಿ ಕೊಟ್ಟಿದ್ದರೆ ಅದೇ ತಪ್ಪನ್ನ ನಮಗೂ ಮಾಡಿ ಅಂತ ಕೇಳೋ ಹಾಗಿಲ್ಲ ಅಂತಲೂ ಹೇಳಿದ್ರು.

ತೀರ್ಪು ತಪ್ಪು ಅಂತ ನಾನು ಹೇಳಲ್ಲ. ಐದೂವರೆ ವರ್ಷಕ್ಕೆ ಒಬ್ಬರ ಅನಾರೋಗ್ಯ ಸಾಕಾಗಲ್ಲ. ಆದರೂ ಜಮೀನು ಕಳ್ಕೊಂಡವರ ಮನೆಯಲ್ಲಿ ಕೇಸು ನೋಡಿಕೊಳ್ಳೋದು ಸಾಮಾನ್ಯವಾಗಿ ಒಬ್ಬರೇ ಇರ್ತಾರೆ ಅನ್ನೋದು ನಿಮಗೂ ಗೊತ್ತು. ಕಾಗದ ಅವರ ಟ್ರಂಕಿನಲ್ಲಿ, ವಕೀಲರ ನಂಬರು ಅವರ ಫೋನಿನಲ್ಲಿ. ಅವರು ಮಲಗಿದ್ರೆ ಕೇಸೂ ಮಲಗಿತು. ಇದರ ಜೊತೆಗೆ ಸರ್ಕಾರಿ ಫೈಲಿಗೆ ಬರೋ ಕಾಯಿಲೆಯನ್ನೂ ಇಟ್ಟು ನೋಡಿ. ಮೇಜಿಂದ ಮೇಜಿಗೆ ಹೋಗೋಷ್ಟರಲ್ಲಿ ತಡವಾಯ್ತು ಅಂತ ಇಲಾಖೆಗಳು ಎಷ್ಟೋ ವರ್ಷ ಮನ್ನಾ ಪಡೀತಾ ಬಂದ್ವು. 2012ರಲ್ಲಿ ಅಂಚೆ ಇಲಾಖೆಯ 427 ದಿನದ ತಡವನ್ನ ಒಪ್ಪದೆ, ಸರ್ಕಾರಕ್ಕೆ ಬೇರೆ ನಿಯಮ ಇಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಬೇಕಾಯ್ತು.

ಈಗ ನಾನು ಹುಡುಕುವಾಗ ಕುರ್ಚಿಯಿಂದ ಎದ್ದು ನಿಂತ ಜಾಗ. ಬಸವರಾಜ್ ತೀರ್ಪಿನ ಪೀಠದಲ್ಲಿದ್ದ ಜಸ್ಟಿಸ್ ಬೊಬ್ಡೆ, ಆರೂವರೆ ವರ್ಷದ ನಂತರ ಮುಖ್ಯ ನ್ಯಾಯಮೂರ್ತಿ. ದಿನಾಂಕ 2020ರ ಮಾರ್ಚ್ 23. ದೇಶಕ್ಕೆ ಲಾಕ್‌ಡೌನ್ ಘೋಷಣೆಯಾಗೋಕೆ ಇನ್ನೂ ಒಂದು ದಿನ ಇದೆ. ಯಾರೂ ಅರ್ಜಿ ಹಾಕದೇ ಇದ್ದರೂ ಸುಪ್ರೀಂ ಕೋರ್ಟ್ ತಾನಾಗಿ ಒಂದು ಆದೇಶ ಮಾಡ್ತು. ಮಾರ್ಚ್ 15ರಿಂದ ಅನ್ವಯವಾಗೋ ಹಾಗೆ ದೇಶದ ಎಲ್ಲಾ ಕೋರ್ಟು, ಟ್ರಿಬ್ಯುನಲ್‌ಗಳಲ್ಲಿ ಅರ್ಜಿ, ದಾವೆ, ಮೇಲ್ಮನವಿಗಳ ಗಡುವು ವಿಸ್ತರಣೆ. ಯಾರೂ ಸರ್ಟಿಫಿಕೇಟ್ ತರಬೇಕಿಲ್ಲ. ನಾಲ್ಕು ನೈಟ್‌ಗಳು ಯಾರ ಮನೆಗೂ ಹೋಗಬೇಕಿಲ್ಲ. ಇಡೀ ದೇಶವೇ ರೋಗಿ ಅಂತ ಕೋರ್ಟು ಒಪ್ಪಿಕೊಂಡ ಹಾಗಾಯ್ತು. ಮಧ್ಯೆ ಒಮ್ಮೆ ನಿಲ್ಲಿಸಿ, 2021ರ ಏಪ್ರಿಲ್‌ನಲ್ಲಿ ಎರಡನೇ ಅಲೆ ಬಂದಾಗ ಮತ್ತೆ ಶುರು ಮಾಡಿ, ಕೊನೆಗೆ 2022ರ ಜನವರಿ 10ರ ಆದೇಶದಲ್ಲಿ 2022ರ ಫೆಬ್ರವರಿ 28ರವರೆಗಿನ ಅಷ್ಟೂ ಕಾಲವನ್ನ ಲೆಕ್ಕದಿಂದ ತೆಗೆದರು. ಎಣಿಸಿದ್ರೆ 716 ದಿನ. ಸೆಕ್ಷನ್ ಐದು ಮುಟ್ಟದ ದಾವೆಗಳಿಗೂ ಆ ನೆರಳು ಸಿಕ್ಕಿತು.

ಆದರೆ ಅಲ್ಲೂ ಒಬ್ಬನ ಕಾಯಿಲೆ ಇನ್ನೊಬ್ಬನ ಬೇಲಿಯಾಗೋ ಪ್ರಶ್ನೆ ಬಂತು. ಬಂಧಿಸಿದ ಮೇಲೆ ಪೊಲೀಸರು 60 ಅಥವಾ 90 ದಿನದಲ್ಲಿ ಚಾರ್ಜ್‌ಶೀಟ್ ಹಾಕದಿದ್ದರೆ ಆರೋಪಿಗೆ ಜಾಮೀನು ಸಿಗಬೇಕು. ಕೋವಿಡ್ ಇದೆಯಲ್ಲ, ಆ ಗಡುವೂ ವಿಸ್ತರಣೆ ಆಗಿದೆ ಅನ್ನೋ ವಾದ ಎದ್ದಿತು. 2020ರ ಜೂನ್ 19ರಂದು ಎಸ್. ಕಾಸಿ ಕೇಸಲ್ಲಿ ಸುಪ್ರೀಂ ಕೋರ್ಟ್ ಸಾಧ್ಯವೇ ಇಲ್ಲ ಅಂದಿತು. ಜೈಲಿನಲ್ಲಿರೋನ ಸ್ವಾತಂತ್ರ್ಯದ ಮೇಲೆ ಆ ಸಡಿಲಿಕೆ ಹೇರೋಕಾಗಲ್ಲ ಅಂತ. ವಿಷಯದ ತೂಕ ನೋಡಿ ನಿರ್ಧರಿಸು ಅಂತ ಕಲ್ಯಾಣದ ಪಂಡಿತ ಬರೆದಿದ್ದನಲ್ಲ, ನನಗೆ ಅದೇ ನೆನಪಾಯ್ತು.

ಸರಿ, ನಮ್ಮಪ್ಪನ 19 ದಿನ.

ಎದುರು ಪಾರ್ಟಿಯ ವಕೀಲರು ತಕರಾರು ಹಾಕಿದ್ರು. ದೂರುದಾರರ ಮಗ ವಿದ್ಯಾವಂತ, ಆರೋಗ್ಯವಂತ, ಕಾಮರ್ಸ್ ವಿದ್ಯಾರ್ಥಿ, ಅವನಿಗೆ ಗಡುವಿನ ಅರಿವಿತ್ತು. ಎಲ್ಲವೂ ನಿಜ. ಮ್ಯಾಜಿಸ್ಟ್ರೇಟ್ ಡಿಸ್ಚಾರ್ಜ್ ಸಮ್ಮರಿ ನೋಡಿದ್ರು, ನಾಲ್ಕನೇ ಪ್ಯಾರಾ ಓದಿದ್ರು, ಅಪ್ಪನ ಕಡೆ ನೋಡಿ, "ಮಗ ಬಂದಿದ್ದಾನಾ?" ಅಂದ್ರು. ನಾನು ಹಿಂದಿನ ಬೆಂಚಿನಿಂದ ಎದ್ದು ನಿಂತೆ. ಅವರು ಏನೂ ಕೇಳಲಿಲ್ಲ. ಸಾವಿರ ರೂಪಾಯಿ ಖರ್ಚು ಎದುರಿನವರಿಗೆ ಕೊಡಬೇಕು ಅನ್ನೋ ಷರತ್ತಿನ ಮೇಲೆ ತಡ ಮನ್ನಾ ಮಾಡಿದ್ರು.

ಹೊರಗೆ ಬಂದು ಕ್ಯಾಂಟೀನಲ್ಲಿ ಚಹಾ ಕುಡಿಯುವಾಗ ಅಪ್ಪ ಒಂದು ಮಾತೂ ಬೈಲಿಲ್ಲ. ಆ ಗಿರಾಕಿ ಮುಂದೆ ಕಂತಿನ ಮೇಲೆ ಹಣ ಕಟ್ಟಿ ರಾಜಿ ಮಾಡ್ಕೊಂಡ. ಸಾವಿರ ರೂಪಾಯಿಯನ್ನ ಮಾತ್ರ ಅಪ್ಪ ಅಂಗಡಿ ಖಾತೆ ಪುಸ್ತಕದಲ್ಲಿ ನನ್ನ ಹೆಸರಿಗೇ ಬರೆದಿದ್ದಾರೆ. ಡೆಬಿಟ್ ಕಡೆ. ಹೋದ ದೀಪಾವಳಿಗೆ ನೋಡಿದಾಗಲೂ ಅಲ್ಲೇ ಇತ್ತು.